ದಣಪೆಯಿಂದ ಸೊಗಾನೆಗೆ: ಅತ್ತೆಯ ಎರಡು ಪ್ರಯಾಣ

ನಮ್ಮ ಮನೆಯಿಂದ ಸೊಗಾನೆಯಲ್ಲಿರುವ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಸುಮಾರು 100 ಕಿ.ಮೀ. ಕಾರಿದ್ದರೆ ಎರಡೂವರೆ ಗಂಟೆ ಸಾಕು ಅಂತ ಕೇಳಿದವರಿಗೆಲ್ಲ ನಾವೂ ಹೇಳುತ್ತಿದ್ದೆವು. 2024ರಲ್ಲಿ ಇದೇ ದಾರಿಯಲ್ಲಿ ನನ್ನ ಅತ್ತೆಯನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ, ನಾಲ್ಕು ತಿಂಗಳ ಮೇಲೆ ವಾಪಸ್ ಕರೆದುಕೊಂಡು ಬಂದೆ. ಜುಲೈಯಲ್ಲಿ ಹೋಗುವಾಗ 29 ಗಂಟೆ ಹಿಡಿಯಿತು. ನವೆಂಬರಿನಲ್ಲಿ ಬರುವಾಗ ಎಂಟೂವರೆ ಗಂಟೆ. ಮನೆ ಅದೇ, ನಿಲ್ದಾಣ ಅದೇ, ಅತ್ತೆಯ ಮಂಡಿನೋವೂ ಅದೇ. ಹಾಗಾದರೆ ನಡುವಿನ ಇಪ್ಪತ್ತು ಗಂಟೆ ಎಲ್ಲಿ ಹೋಯಿತು? ಅದನ್ನು ಹುಡುಕಲು ಎರಡೂ ದಿನದ ಹೊತ್ತುಗೊತ್ತು ಬರೆದಿಟ್ಟುಕೊಂಡಿದ್ದೆ. ಹಳ್ಳಿ ಮನೆಯಿಂದ ವಯಸ್ಸಾದವರನ್ನು ವಿಮಾನ ಹತ್ತಿಸಬೇಕು ಅಂದುಕೊಂಡಿರುವವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಇಲ್ಲಿ ಹೇಳುತ್ತಿದ್ದೇನೆ.

ಮನೆ, ಅತ್ತೆ, ಕಾರಣ

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿ ಹತ್ತಿರ ಒಳಗೆ ತಿರುಗಬೇಕು. ಅಲ್ಲಿಂದ 5 ಕಿ.ಮೀ. ಅದರಲ್ಲಿ ಮೂರು ಡಾಂಬರು, ಎರಡು ಮಣ್ಣು. ಮಣ್ಣು ರಸ್ತೆ ಮುಗಿಯುವಲ್ಲಿ ಒಂದು ಹಳ್ಳ. ಹಳ್ಳದ ಆಚೆ ತೋಟ, ತೋಟದ ತಲೆಗೆ ದಣಪೆ (ಗಳು ಸರಿಸಿ ದಾಟುವ ಬೇಲಿಬಾಗಿಲು), ದಣಪೆ ದಾಟಿದರೆ ನಮ್ಮ ಅಂಗಳ. ಬೇಸಗೆಯಲ್ಲಿ ಕಾರು ಹಳ್ಳದಲ್ಲೇ ಇಳಿದು ಅಂಗಳದವರೆಗೆ ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅಡಿಕೆ ಮರದ ಸಂಕವೇ, ಅಂದರೆ ಕಾಲುಸೇತುವೆಯೇ ಗತಿ.

ಅತ್ತೆಗೆ 72 ವರ್ಷ. ಎರಡೂ ಮಂಡಿ ಸವೆದಿವೆ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ, ತೋಟಕ್ಕೆ ಇಳಿಯುವುದನ್ನು ಬಿಟ್ಟು ಮೂರು ವರ್ಷವಾಯಿತು. ನಾದಿನಿ ಹೈದರಾಬಾದಿನಲ್ಲಿದ್ದಾಳೆ. ಅವಳಿಗೆ ಆಗಸ್ಟ್ ಮೊದಲ ವಾರದಲ್ಲಿ ಹೆರಿಗೆ ಅಂತ ಡಾಕ್ಟರು ಹೇಳಿದ್ದರು. ಇದು ಅವಳ ಮೊದಲ ಹೆರಿಗೆ, ಡಾಕ್ಟರು ಪ್ರಯಾಣ ಬೇಡ ಅಂದಿದ್ದರು. ಹಾಗಾಗಿ ಮಗಳು ತವರಿಗೆ ಬರುವ ಬದಲು ತಾಯಿಯೇ ಅಲ್ಲಿಗೆ ಹೋಗಬೇಕಾಯಿತು. 'ಬಾಣಂತನ ಮಾಡದೆ ಇದ್ರೆ ನಾ ಯಾಕೆ ಬದುಕಿರೋದು ಮಾರಾಯ್ತಿ' ಅಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಬಸ್ಸಿನಲ್ಲಿ ಅಷ್ಟು ದೂರ ಅವರ ಕಾಲಿಗೆ ಆಗುವುದಿಲ್ಲ. ವಿಮಾನವೇ ಸರಿ ಅಂತ ಮನೆಯಲ್ಲಿ ತೀರ್ಮಾನವಾಯಿತು.

ಶಿವಮೊಗ್ಗವೋ ಮಂಗಳೂರೋ

ನಮ್ಮ ಮನೆ ಇರುವ ಜಾಗ ಒಂಥರಾ ನಡುಗಡ್ಡೆ. ಒಂದು ಕಡೆ ಸೊಗಾನೆಯ ನಿಲ್ದಾಣ 100 ಕಿ.ಮೀ., ಇನ್ನೊಂದು ಕಡೆ ಘಾಟಿ ಇಳಿದು ಹೆಬ್ರಿ, ಕಾರ್ಕಳ, ಮೂಡಬಿದಿರೆ ಮೇಲೆ ಹೋದರೆ ಮಂಗಳೂರಿನ ಬಜ್ಪೆ ನಿಲ್ದಾಣ ಸುಮಾರು 110 ಕಿ.ಮೀ. ಲೆಕ್ಕಕ್ಕೆ ಎರಡೂ ಒಂದೇ ದೂರ.

ಬಜ್ಪೆ ಹಳೆಯ ನಿಲ್ದಾಣ, 1951ರಿಂದ ಇದೆ. ವಿಮಾನಗಳೂ ಜಾಸ್ತಿ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ ಅನ್ನುವ ಧೈರ್ಯ ಅಲ್ಲಿದೆ. ಆದರೆ ನಡುವೆ ಆಗುಂಬೆ ಘಾಟಿ. 14 ತಿರುವು. ಅತ್ತೆಗೆ ನಾಲ್ಕನೇ ತಿರುವಿಗೇ ವಾಂತಿ ಶುರುವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆ ಜೋರಾದಾಗ ಘಾಟಿಯಲ್ಲಿ ಧರೆ ಕುಸಿಯುವುದು, ಭಾರಿ ವಾಹನಗಳನ್ನು ನಿಲ್ಲಿಸುವುದು ನಮಗೆ ಹೊಸದಲ್ಲ.

ಶಿವಮೊಗ್ಗದ ನಿಲ್ದಾಣ ನಮ್ಮ ಪಾಲಿಗೆ ದೊಡ್ಡ ಆಸೆಯಾಗಿ ಬಂದದ್ದು. 2023ರ ಫೆಬ್ರವರಿ 27ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ಸುಮಾರು 450 ಕೋಟಿ ರೂಪಾಯಿ ಖರ್ಚು. ಕಮಲದ ಆಕಾರದ ಕಟ್ಟಡ. 3,200 ಮೀಟರ್ ರನ್‌ವೇ, ಉದ್ದದಲ್ಲಿ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ. ಆ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ನವೆಂಬರಿನಲ್ಲಿ, ಸಣ್ಣ ಊರುಗಳಿಗೂ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಹೈದರಾಬಾದ್, ತಿರುಪತಿ, ಗೋವಾಕ್ಕೂ ಶುರುವಾಯಿತು. ಹೆಸರು ರಾಷ್ಟ್ರಕವಿ ಕುವೆಂಪು ಅವರದು. ನಮ್ಮ ತಾಲ್ಲೂಕಿನ ಕುಪ್ಪಳಿಯವರ ಹೆಸರು ವಿಮಾನ ನಿಲ್ದಾಣದ ಮೇಲೆ ಇದೆ ಅಂದರೆ ಅತ್ತೆಗೆ ಎಷ್ಟು ಖುಷಿ ಅಂತೀರಿ. 'ನಮ್ಮೋರ ಮನೆಯಿಂದ ಹೊರಟ ಹಾಗೆ' ಅಂದರು.

ಘಾಟಿ ಇಲ್ಲ, ನೇರ ಹೈದರಾಬಾದ್, ಒಂದು ಗಂಟೆ ಚಿಲ್ಲರೆ ಹಾರಾಟ. ಸೊಗಾನೆಯನ್ನೇ ಆರಿಸಿಕೊಂಡೆವು. ಆ ವಿಮಾನ ದಿನಾ ಇರಲಿಲ್ಲ, ವಾರದಲ್ಲಿ ಕೆಲವು ದಿನ ಮಾತ್ರ. ಜುಲೈ ಮೂರನೇ ವಾರದ ಒಂದು ಸಂಜೆಯ ಟಿಕೆಟ್ ತೆಗೆದೆವು. ವೀಲ್‌ಚೇರ್ ಬೇಕು ಅಂತ ಟಿಕೆಟ್ ತೆಗೆಯುವಾಗಲೇ ಬರೆಸಿದೆ. ಅದಕ್ಕೆ ದುಡ್ಡಿಲ್ಲ, ಆದರೆ 48 ಗಂಟೆ ಮೊದಲೇ ತಿಳಿಸಿರಬೇಕು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಘಾಟಿಯನ್ನೇನೋ ಲೆಕ್ಕಕ್ಕೆ ತಗೊಂಡೆವು. ಸೊಗಾನೆಯ ಮೋಡವನ್ನು ತಗೊಳ್ಳಲಿಲ್ಲ.

ಜುಲೈ: ಪ್ಲಾಸ್ಟಿಕ್ ಕುರ್ಚಿ

ಹೊರಡುವ ದಿನ ಪುಷ್ಯ ಮಳೆ ಹಿಡಿದಿತ್ತು. ರಾತ್ರಿಯೆಲ್ಲ ಬಿಟ್ಟಿರಲಿಲ್ಲ. ಹಳ್ಳ ಕೆಂಪಾಗಿ ಸಂಕದ ಕೆಳಗೆ ಒಂದು ಅಡಿ ಬಿಟ್ಟು ಹರಿಯುತ್ತಿತ್ತು. ಸಂಕ ಅಂದರೆ ಐದು ಅಡಿಕೆ ಮರ ಜೋಡಿಸಿ ಬಳ್ಳಿ, ತಂತಿ ಬಿಗಿದದ್ದು. ಒಂದು ಕಡೆ ಹಿಡಿಯಲು ಬಿದಿರು. ಮರದ ಮೇಲೆ ಪಾಚಿ. ನಾವು ದಿನಾ ದಾಟುತ್ತೇವೆ, ಅತ್ತೆಯ ಕೈಯಲ್ಲಿ ಆಗುತ್ತದೆಯೇ?

ನಮ್ಮನೆಯವರು ಪಕ್ಕದ ಮನೆಯ ಅಣ್ಣನನ್ನು ಕರೆದರು. ಜಗಲಿಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಅದರಲ್ಲಿ ಅತ್ತೆಯನ್ನು ಕೂರಿಸಿದರು. ಸೀರೆಯ ಮೇಲೆ ಕಂಬಳಿ ಕೊಪ್ಪೆ ಹಾಕಿದರು. ಒಬ್ಬರು ಮುಂದೆ, ಒಬ್ಬರು ಹಿಂದೆ. ಸಂಕದ ಅಗಲಕ್ಕೆ ಇಬ್ಬರು ಜೊತೆಗೆ ನಡೆಯಲು ಆಗುವುದಿಲ್ಲ, ಅದಕ್ಕೇ ಹಾಗೆ. ಮುಂದಿನವರು ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಡುತ್ತಾ ಹೋದರು. ಅತ್ತೆ ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದಿದ್ದರು. ಅವರ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಹದಿನಾರು ಹೆಜ್ಜೆ ಅಂತ ನಾನು ಎಣಿಸಿದೆ. ಆಚೆ ದಡದಲ್ಲಿ ಕುರ್ಚಿ ಇಟ್ಟಾಗ ಅವರ ಪಾದಕ್ಕೆ ಎರಡು ಇಂಬಳ (ಜಿಗಣೆ) ಹತ್ತಿದ್ದವು. ನಾನು ಬಗ್ಗಿ ಸುಣ್ಣ ಮುಟ್ಟಿಸಿ ಬಿಡಿಸಿದೆ.

ಅವರ ಪ್ರಯಾಣದ ಮೊದಲ ವೀಲ್‌ಚೇರ್ ಅದು. ಈ ಹದಿನಾರು ಹೆಜ್ಜೆ ಯಾವ ನಕ್ಷೆಯ 100 ಕಿ.ಮೀ.ನಲ್ಲೂ ಬರುವುದಿಲ್ಲ.

ಅಲ್ಲಿಂದ ಮಣ್ಣು ರಸ್ತೆಗೆ ಜೀಪು, ಮೇಗರವಳ್ಳಿಯಲ್ಲಿ ಕಾರು. ಹೊರಟದ್ದು ಬೆಳಗ್ಗೆ 9:15ಕ್ಕೆ, ಮುಖ್ಯ ರಸ್ತೆ ಮುಟ್ಟಿದಾಗ 10:20. ಐದು ಕಿಲೋಮೀಟರಿಗೆ ಒಂದು ಗಂಟೆ ಮೇಲೆ.

ಅತ್ತೆ ಬೆಳಗಿಂದ ನೀರು ಕುಡಿದಿರಲಿಲ್ಲ. ಗೊತ್ತಾದದ್ದು ತೀರ್ಥಹಳ್ಳಿಯಲ್ಲಿ, ಎಳನೀರು ಕೊಟ್ಟಾಗ ಬೇಡ ಅಂದರು. 'ಆಮೇಲೆ ಎಲ್ಲಿಗೆ ಹೋಗ್ಲಿ ಹೇಳು' ಅಂದರು. ಮಂಡಿ ಮಡಚಲು ಬಾರದ ಹೆಂಗಸಿಗೆ ದಾರಿಯಲ್ಲಿ ಎಲ್ಲಿದೆ ಜಾಗ? ಹೋಟೆಲಿನ ಹಿಂದೆ ಇರುವುದು ಕುಕ್ಕರುಗಾಲಲ್ಲಿ ಕೂರುವಂಥದ್ದು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಎಲ್ಲ ದಾಟಿದೆವು, ಅವರು ಕೂರಬಹುದಾದ ಒಂದು ಶೌಚಾಲಯ ನಮ್ಮ ಕಣ್ಣಿಗೆ ಬೀಳಲಿಲ್ಲ. ಸೊಗಾನೆಯ ಕಟ್ಟಡದೊಳಗೆ ಹೋದಾಗಲೇ ಸಿಕ್ಕಿದ್ದು. ಹೊರಗೆ ಬಂದು 'ಎಷ್ಟು ಚೊಕ್ಕ ಇಟ್ಟಿದಾರೆ' ಅಂದರು. ಬಾಟಲಿ ಇಸಿದುಕೊಂಡು ಅರ್ಧ ಲೀಟರ್ ನೀರು ಒಂದೇ ಸಲ ಕುಡಿದರು. ನನಗೆ ಗಂಟಲು ಕಟ್ಟಿತು. ನಿಲ್ದಾಣದ ಸೌಲಭ್ಯ ಅಂತ ಮಾತಾಡುವಾಗ ಕಾಫಿ ಅಂಗಡಿ, ಕುರ್ಚಿ, ಪಾರ್ಕಿಂಗ್ ಅಂತೆಲ್ಲ ಹೇಳುತ್ತೇವೆ. ನಾಲ್ಕು ಗಂಟೆ ನೀರು ಬಿಟ್ಟು ಬಂದವರಿಗೆ ಸೌಲಭ್ಯ ಅಂದರೆ ಇದು.

ಫೋನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೀರ್ಥಹಳ್ಳಿಯಲ್ಲಿ ಸಿಕ್ಕಿತು, ಆಮೇಲೆ ಕಾಡಿನ ನಡುವೆ ಮತ್ತೆ ಹೋಯಿತು. ಗಾಜನೂರು ದಾಟಿದ ಮೇಲೆ ಒಟ್ಟಿಗೆ ಮೂರು ಮೆಸೇಜು ಬಂದವು. ವಿಮಾನ ತಡ ಅಂತ 11:40ಕ್ಕೇ ಕಳಿಸಿದ್ದರು. ಆಗಲೇ ಗೊತ್ತಿದ್ದರೆ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಕೂತು ಕಾಯಬಹುದಿತ್ತು. ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿತ್ತು, ಮುಂದೆ ಹೋದೆವು.

ಅಡಕತ್ತರಿ

ಸೊಗಾನೆಯಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಬಾಗಿಲಲ್ಲೇ ವೀಲ್‌ಚೇರ್ ತಂದರು. ತುಪ್ಪ, ಮಿಡಿ ಉಪ್ಪಿನಕಾಯಿ, ಬಾಣಂತಿ ಲೇಹ್ಯ, ಮಗುವಿಗೆ ಅಂತ ಒಗೆದು ಮಡಿಚಿದ ಹಳೆ ಸೀರೆ, ಎಲ್ಲ ದೊಡ್ಡ ಬ್ಯಾಗಿನಲ್ಲಿತ್ತು. ಆ ಬ್ಯಾಗು ಒಳಗೆ ಹೋಯಿತು. ತಪಾಸಣೆಯಲ್ಲಿ ಅತ್ತೆಯ ಎಲೆಅಡಿಕೆ ಚೀಲ ನಿಂತಿತು.

ಚೀಲ ಬಿಚ್ಚಿಸಿದರು. ವೀಳ್ಯದೆಲೆ, ಸುಣ್ಣದ ಡಬ್ಬಿ, ಕೆಂಪಡಿಕೆ, ಅದರ ಕೆಳಗೆ ಅಡಕತ್ತರಿ. ಹಿತ್ತಾಳೆ ಹಿಡಿ, ಗಿಣಿ ಆಕಾರ. ಅತ್ತೆಯ ಅಮ್ಮ ಕೊಟ್ಟದ್ದು, ಮದುವೆಯಾಗಿ ಬರುವಾಗ ತಂದದ್ದು. ಬಾಯಿ ಹರಿತವಾಗಿದೆ, ಒಳಗೆ ಬಿಡುವ ಹಾಗಿಲ್ಲ ಅಂದರು ಮಹಿಳಾ ಪೊಲೀಸ್. ಮಾತು ಮೃದುವಾಗಿತ್ತು. ಅತ್ತೆ ಸುಮ್ನೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು, ಕೊಡಲೂ ಇಲ್ಲ, ಬೇಡವೆನ್ನಲೂ ಇಲ್ಲ. ಹೊರಗೆ ಕೊಟ್ಟು ಕಳಿಸೋಣ ಅಂದರೆ ನಮ್ಮನೆಯವರು ಆಗಲೇ ಕಾರು ಕಳಿಸಿ ಬೇರೆ ಕೆಲಸಕ್ಕೆ ಪೇಟೆಗೆ ಹೋಗಿದ್ದರು.

ಆಗ ಆ ಪೊಲೀಸಮ್ಮನೇ ಕೌಂಟರಿನ ಹುಡುಗನನ್ನು ಕರೆದು ಹೇಳಿದರು. ಆತ ಹೋಗಿ ನಮ್ಮ ದೊಡ್ಡ ಬ್ಯಾಗನ್ನು ವಾಪಸ್ ತರಿಸಿದ. ಅಡಕತ್ತರಿಯನ್ನು ಸೀರೆಯ ಮಡಿಕೆಯೊಳಗೆ ಇಟ್ಟು ಮತ್ತೆ ಕಳಿಸಿದೆವು. ಹತ್ತು ನಿಮಿಷದ ಕೆಲಸ. ಸಣ್ಣ ನಿಲ್ದಾಣದ ದೊಡ್ಡ ಉಪಕಾರ ಇದು. ಬಾಗಿಲಿನಿಂದ ವಿಮಾನದವರೆಗೆ ಎಲ್ಲ ಕೂಗಳತೆಯಲ್ಲಿದೆ. ಕೇಳಿದರೆ ಓಗೊಡುವವರಿದ್ದಾರೆ. ಮನೆಯಲ್ಲಿ ಎಲೆಅಡಿಕೆ ಹಾಕುವವರಿದ್ದರೆ ಹೊರಡುವ ಹಿಂದಿನ ರಾತ್ರಿಯೇ ಚೀಲ ನೋಡಿಬಿಡಿ.

ಮೂರೂವರೆಗೆ ಹೇಳಿದರು: ಮೋಡ ಕೆಳಗೆ ಬಂದಿದೆ, ವಿಮಾನ ಇಳಿಯಲು ಆಗುವುದಿಲ್ಲ, ಇವತ್ತು ರದ್ದು.

ಉದ್ದದ ರನ್‌ವೇ ಇದ್ದೂ ಯಾಕೆ

ಆ ದಿನ ನಮ್ಮ ಜೊತೆ ಕಾಯುತ್ತಿದ್ದ ಎಷ್ಟೋ ಜನ ಕೇಳಿದ ಪ್ರಶ್ನೆ ಇದು. ಇಷ್ಟು ಉದ್ದದ ರನ್‌ವೇ ಇದೆ, ಇಳಿಯಲು ಏನು ಕಷ್ಟ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಕೇಳಿ, ಓದಿ ತಿಳಿದುಕೊಂಡೆ.

ರನ್‌ವೇ ಉದ್ದ ಇದ್ದರೆ ದೊಡ್ಡ ವಿಮಾನ ಇಳಿಯಬಹುದು. ಮೋಡದಲ್ಲಿ ದಾರಿ ಕಾಣುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಳೆಯ ದಿನ ಬೇಕಾಗುವುದು ಪೈಲಟ್‌ಗೆ ದಾರಿ ತೋರಿಸುವ ಉಪಕರಣ. ದೊಡ್ಡ ನಿಲ್ದಾಣಗಳಲ್ಲಿ ಐಎಲ್‌ಎಸ್ ಅಂತ ಇರುತ್ತದೆ. ನೆಲದಿಂದ ರೇಡಿಯೊ ಸಂಕೇತ ಹೋಗುತ್ತದೆ, ವಿಮಾನ ಆ ಸಂಕೇತ ಹಿಡಿದು ಮೋಡದೊಳಗಿಂದಲೇ ರನ್‌ವೇಯ ನೇರಕ್ಕೆ ಇಳಿದುಬರುತ್ತದೆ. ಅಂಥದ್ದು ಇಲ್ಲದ ಕಡೆ ಪೈಲಟ್ ಕಣ್ಣಿಂದ ನೋಡಿಯೇ ಇಳಿಸಬೇಕು. ಹಾಗೆ ಇಳಿಸಲು ಸಾಮಾನ್ಯವಾಗಿ 5 ಕಿ.ಮೀ. ದೂರ ಕಾಣಬೇಕು, ಮೋಡವೂ ಎತ್ತರದಲ್ಲಿರಬೇಕು. ಸೊಗಾನೆ ಶುರುವಾದದ್ದು ಹೀಗೆ, ಹಗಲು ಹೊತ್ತಿನಲ್ಲಿ ಕಣ್ಣಳತೆಯ ಮೇಲೆ. ಮಲೆನಾಡಿನ ಜುಲೈಯಲ್ಲಿ ಐದು ಕಿಲೋಮೀಟರ್ ಎಲ್ಲಿ ಕಾಣುತ್ತದೆ? ನಮ್ಮ ಅಂಗಳದಿಂದ ಎದುರಿನ ಗುಡ್ಡವೇ ಮೂರು ದಿನ ಕಾಣಿಸಿರಲಿಲ್ಲ.

ಆ ವಿಮಾನ ರದ್ದು ಮಾಡಿದ್ದು ಸರಿ. ನಾನು ಅದರಲ್ಲಿ ಯಾರನ್ನೂ ದೂರುವುದಿಲ್ಲ, ಜೀವಕ್ಕಿಂತ ಹೊತ್ತು ದೊಡ್ಡದಲ್ಲ. ಆದರೆ ಮಳೆ ಇಷ್ಟು ಸುರಿಯುವ ಜಿಲ್ಲೆಯಲ್ಲಿ ಇಂಥ ಉಪಕರಣ ಕಟ್ಟಡದ ಜೊತೆಗೇ ಬರಬೇಕಿತ್ತು ಅಂತ ಮನಸ್ಸು ಬಿಚ್ಚಿ ಹೇಳುತ್ತೇನೆ. ನಾಲ್ಕು ತಿಂಗಳ ಮಳೆ ನಮಗೆ ಅಪರೂಪದ ಆಪತ್ತೇನಲ್ಲ, ಅದು ನಮ್ಮ ವರ್ಷದ ಮೂರನೇ ಒಂದು ಪಾಲು.

ಮತ್ತೊಂದು ವಿಷಯ. ಹವೆಯಿಂದ ರದ್ದಾದರೆ ಪರಿಹಾರ ಸಿಗುವುದಿಲ್ಲ. ಆದರೆ ಟಿಕೆಟ್ ದುಡ್ಡು ವಾಪಸ್ ಕೇಳಬಹುದು, ಇಲ್ಲವೇ ಬೇರೆ ದಿನದ ವಿಮಾನ ಕೇಳಬಹುದು. ಎರಡರಲ್ಲಿ ಯಾವುದು ಅನ್ನುವುದು ನಮ್ಮ ಆಯ್ಕೆ. ಮುಂದಿನ ವಿಮಾನ ಎರಡು ದಿನದ ಮೇಲಿತ್ತು, ಆವತ್ತೂ ಮಳೆ ಇರುವುದು ಖಾತ್ರಿ. ದುಡ್ಡು ವಾಪಸ್ ಅಂದೆವು. ವಾರದೊಳಗೆ ಬಂತು.

ಉಳಿದ ದಾರಿ

ಕಾರು ಕಳಿಸಿಬಿಟ್ಟದ್ದು ನಮ್ಮ ತಪ್ಪು. ಮಳೆಗಾಲದಲ್ಲಿ ವಿಮಾನ ಮೇಲೆ ಏರುವವರೆಗೆ ಗಾಡಿ ಕಳಿಸಬಾರದು. ಆ ಹೊತ್ತಿಗೆ ಊರೊಳಗೆ ಹೋಗಲು ಬಸ್ಸೂ ಸಿಗಲಿಲ್ಲ, ಆಟೋವೂ ಸಿಗಲಿಲ್ಲ. ಸಾಗರದ ಕಡೆಯ ಒಂದು ಕುಟುಂಬ ತಮ್ಮ ಕಾರಿನಲ್ಲಿ ಜಾಗ ಮಾಡಿ ಬಸ್‌ಸ್ಟ್ಯಾಂಡ್ ಹತ್ತಿರ ಬಿಟ್ಟರು. ಅವರ ಹೆಸರು ಕೇಳಲೂ ಮರೆತೆ. ಇದನ್ನು ಓದಿದರೆ ಅವರಿಗೆ ನಮ್ಮ ನಮಸ್ಕಾರ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರು. ಅತ್ತೆ ಮತ್ತೆ ನೀರು ಬಿಟ್ಟರು. ಬೆಳಗಿನ ಜಾವ ಮೆಜೆಸ್ಟಿಕ್, ಅಲ್ಲಿಂದ ಏರ್‌ಪೋರ್ಟ್ ಬಸ್ಸು, ಆತುರದಲ್ಲಿ ತೆಗೆದ ಎರಡು ಟಿಕೆಟಿಗೆ 11,600 ರೂಪಾಯಿ. ನಾದಿನಿಯ ಮನೆ ಬಾಗಿಲು ತಟ್ಟಿದಾಗ ಮಧ್ಯಾಹ್ನ 2:15. ಅತ್ತೆಯ ಕಾಲು ಊದಿ ಚಪ್ಪಲಿ ಒಳಗೆ ಹೋಗುತ್ತಿರಲಿಲ್ಲ. ಬಾಣಂತನಕ್ಕೆ ಅಂತ ಬಂದವರಿಗೆ ಮಗಳೇ ಎರಡು ದಿನ ಬಿಸಿನೀರು ಕಾಯಿಸಿ ಕೊಟ್ಟಳು.

ಮಗು ಆಗಸ್ಟ್ ಎರಡನೇ ವಾರ ಹುಟ್ಟಿತು. ಹೆಣ್ಣು.

ನವೆಂಬರ್

ಅತ್ತೆಯನ್ನು ಕರೆತರಲು ಮತ್ತೆ ನಾನೇ ಹೋದೆ. ಅಡಿಕೆ ಕೊಯ್ಲು ಶುರುವಾಗಿತ್ತು, ನಮ್ಮನೆಯವರು ತೋಟ ಬಿಟ್ಟು ಬರುವ ಹಾಗಿರಲಿಲ್ಲ.

ಬರುವ ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಬೆಳಗ್ಗೆ 5:45ಕ್ಕೆ ನಾದಿನಿಯ ಮನೆ ಬಿಟ್ಟೆವು. ಹತ್ತೂವರೆ ಹೊತ್ತಿಗೆ ಸೊಗಾನೆಯ ಮೇಲೆ ಬಿಸಿಲು. ವಿಮಾನದ ಮೆಟ್ಟಿಲು ಇಳಿಯುವಾಗ ಇಬ್ಬರು ಅತ್ತೆಯ ಎರಡೂ ತೋಳು ಹಿಡಿದು ಇಳಿಸಿದರು, ಕೆಳಗೆ ವೀಲ್‌ಚೇರ್ ಇಟ್ಟುಕೊಂಡು ಒಬ್ಬರು ನಿಂತಿದ್ದರು. ಹನ್ನೊಂದಕ್ಕೆ ಹೊರಗೆ. ತೀರ್ಥಹಳ್ಳಿಯಲ್ಲಿ ಊಟ. ಹಳ್ಳ ಮೊಣಕಾಲಿಗಿಂತ ಕೆಳಗೆ ಇಳಿದಿತ್ತು, ಕಾರು ನೀರಿನಲ್ಲೇ ದಾಟಿತು. 2:15ಕ್ಕೆ ದಣಪೆ ತೆಗೆದೆವು.

ಎರಡೂ ದಿನದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚಿನ ಇಪ್ಪತ್ತು ಗಂಟೆ ಪೂರ್ತಿ ಮೋಡದ ಲೆಕ್ಕಕ್ಕೆ ಹೋಗುವುದಿಲ್ಲ. ರದ್ದಾದದ್ದು ಮೋಡದಿಂದ, ಸರಿ. ಆದರೆ ಮೆಸೇಜು ತಡವಾಗಿ ಸಿಕ್ಕಿದ್ದು, ಹಳ್ಳ ದಾಟಲು ಹೋದ ಹೊತ್ತು, ಸೊಗಾನೆಯಿಂದ ಊರಿಗೆ ಬರಲು ಪಟ್ಟ ಪಾಡು, ದಿನಾ ವಿಮಾನ ಇಲ್ಲದ್ದು, ದಾರಿಯ ಶೌಚಾಲಯ, ಇವೆಲ್ಲ ನೆಲದ ಮೇಲಿನವು. ಉಪಕರಣ ಬಂದರೂ ಇವು ಹಾಗೇ ಉಳಿಯುತ್ತವೆ.

ನಾವೀಗ ಮಾಡಿಕೊಂಡಿರುವ ಏರ್ಪಾಟು ಇಷ್ಟು. ಅಕ್ಟೋಬರ್ ಕೊನೆಯಿಂದ ಮೇ ತನಕ ಸೊಗಾನೆಯೇ. ಚಳಿಗಾಲದ ಬೆಳಗಿನ ಮಂಜಿಗೆ ಒಂದೆರಡು ಗಂಟೆ ತಡವಾದರೂ ಹೊಂದಿಸಿಕೊಳ್ಳಬಹುದು. ಮಳೆಗಾಲದಲ್ಲಿ ಅನಿವಾರ್ಯವಾದರೆ ಹಿಂದಿನ ದಿನವೇ ಹಳ್ಳ ದಾಟಿಸಿ ಅತ್ತೆಯನ್ನು ಶಿವಮೊಗ್ಗದ ನೆಂಟರ ಮನೆಯಲ್ಲಿ ಇರಿಸುವುದು, ಒಂದು ದಿನ ಕೈಯಲ್ಲಿ ಉಳಿಸಿಕೊಂಡು ಟಿಕೆಟ್ ತೆಗೆಯುವುದು, ನೆಟ್‌ವರ್ಕ್ ಇರುವ ಊರಿನ ಒಬ್ಬರ ಫೋನ್ ನಂಬರನ್ನೂ ಟಿಕೆಟಿಗೆ ಕೊಡುವುದು. ಅತ್ತೆಗೆ ಘಾಟಿ ಆಗದು, ಆದರೆ ನಮ್ಮಂಥವರು ಒಬ್ಬರೇ ಹೋಗುವುದಾದರೆ ಜುಲೈಯಲ್ಲಿ ಬಜ್ಪೆಯೇ ವಾಸಿ ಅಂತ ನನಗೆ ಅನಿಸಿದೆ.

ಸಂಕದ ವಿಷಯ ಬಾಕಿ ಇದೆ. ಸಿಮೆಂಟಿನ ಕಾಲುಸಂಕ ಕೊಡಿ ಅಂತ ನಮ್ಮ ಕೇರಿಯ ನಾಲ್ಕು ಮನೆಯವರು ಮೊದಲೂ ಅರ್ಜಿ ಕೊಟ್ಟಿದ್ದೆವು, ನಾಲ್ಕೇ ಮನೆ ಅಂತ ಹಿಂದೆ ಬಿದ್ದಿತ್ತು. ಈ ಸಲ ಗ್ರಾಮಸಭೆಗೆ ಹೊಸ ಅರ್ಜಿ ಬರೆದೆವು. ಅದರ ಜೊತೆ ಎರಡೂ ದಿನದ ಹೊತ್ತಿನ ಪಟ್ಟಿ ಇಟ್ಟೆ: 9:15 ದಣಪೆ, 9:40 ಸಂಕದ ಆಚೆ, 10:20 ಮುಖ್ಯ ರಸ್ತೆ, ಹೀಗೆ ಕೊನೆಯವರೆಗೂ. ಹಾಗೇ ಮಳೆಯಲ್ಲಿ ಸಂಕದ ನಡುವೆ ಕುರ್ಚಿ ಹೊತ್ತಿರುವ ಒಂದು ಫೋಟೊ. ಮೊದಲ ಸಹಿ ಅತ್ತೆಯದು. ಕನ್ನಡಕ ಹಾಕಿಕೊಂಡು, ಪೂರ್ತಿ ಓದಿಸಿ ಕೇಳಿಕೊಂಡು, ಜಗಲಿಯ ಆ ನೀಲಿ ಕುರ್ಚಿಯಲ್ಲೇ ಕೂತು ಬರೆದರು.